ಮಹಾಮಾರಿ ಟೈಮಲ್ಲಿ ಗರ್ಭಿಣಿಯರ ಆರೈಕೆ: ಪದೇ ಪದೇ ಕೇಳೋ ಪ್ರಶ್ನೆಗಳು

ಬಸುರಿ ಹೆಂಗಸ್ರು, ಅವ್ರ ಗಂಡಂದಿರು, ಅಮ್ಮಂದಿರು, ಮನೆ ಮನೆಗೆ ಓಡಾಡೋ ಆರೋಗ್ಯ ಕಾರ್ಯಕರ್ತೆಯರು, ಇವ್ರೆಲ್ಲ ತಿರುಗಾ ಮುರುಗಾ ಕೇಳಿದ ಪ್ರಶ್ನೆಗಳನ್ನ ಆದಷ್ಟೂ ಅವ್ರ ಮಾತಲ್ಲೇ ಇಲ್ಲಿಟ್ಟಿದೀನಿ. ಉದಾಹರಣೆ ಹೆಚ್ಚಾಗಿ ಕೋವಿಡ್‌ದೇ ಬರುತ್ತೆ, ಆದ್ರೆ ಮುಂದೆ ಉಸಿರಿನಿಂದ ಹರಡೋ ಯಾವ ಸೋಂಕು ಬಂದ್ರೂ ಇದ್ರಲ್ಲಿ ಮುಕ್ಕಾಲು ಪಾಲು ಉಪಯೋಗಕ್ಕೆ ಬರುತ್ತೆ. ನಿಮ್ಮನ್ನ ನೋಡ್ತಿರೋ ಡಾಕ್ಟ್ರು ಬೇರೆ ಥರ ಹೇಳಿದ್ರೆ ಅವ್ರ ಮಾತೇ ಮೊದ್ಲು, ನಿಮ್ಮ ಫೈಲ್ ಇರೋದು ಅವ್ರ ಹತ್ರ.

## ಮೊದ್ಲು ಬೇಸಿಕ್ ವಿಷಯ

ಬಸುರಿ ಆದ್ರೆ ಸೋಂಕು ಬೇಗ ಅಂಟುತ್ತಂತೆ, ಹೌದಾ?

ಅಂಟೋದು ಬೇರೆಯವ್ರಿಗೆ ಎಷ್ಟೋ ಇವ್ರಿಗೂ ಹೆಚ್ಚುಕಮ್ಮಿ ಅಷ್ಟೇ. ವ್ಯತ್ಯಾಸ ಇರೋದು ಅಂಟಿದ ಮೇಲೆ. ಹೊಟ್ಟೆ ಬೆಳೀತಾ ಬೆಳೀತಾ ಶ್ವಾಸಕೋಶ ಅರಳೋಕೆ ಜಾಗ ಕಮ್ಮಿ ಆಗುತ್ತೆ, ಹೃದಯಕ್ಕೆ ಕೆಲಸ ಜಾಸ್ತಿ, ರಕ್ತ ಹೆಪ್ಪುಗಟ್ಟೋ ಗುಣ ಬಸುರಲ್ಲಿ ಮೊದ್ಲೇ ಹೆಚ್ಚಿರುತ್ತೆ, ಇದೆಲ್ಲದ್ರ ಮೇಲೆ ಶ್ವಾಸಕೋಶದ ಸೋಂಕು ಬಂತು ಅಂದ್ರೆ ದೇಹಕ್ಕೆ ತಡ್ಕೊಳ್ಳೋದು ಕಷ್ಟ. 1918ರ ಫ್ಲೂನಲ್ಲೂ ಹೀಗೇ ಆಯ್ತು, 2009ರ ಎಚ್1ಎನ್1 ಹಂದಿಜ್ವರದಲ್ಲೂ ಹೀಗೇ. ಕೋವಿಡ್‌ನಲ್ಲಿ ಐಸಿಯು, ವೆಂಟಿಲೇಟರ್ ಬೇಕಾಗೋ ಸಂಭವ ಅದೇ ವಯಸ್ಸಿನ ಬೇರೆ ಹೆಂಗಸರಿಗಿಂತ ಬಸುರಿಯರಿಗೆ ಜಾಸ್ತಿ ಇತ್ತು, ದಿನ ತುಂಬೋ ಮೊದ್ಲೇ ಹೆರಿಗೆ ಆಗೋದೂ ಜಾಸ್ತಿ. ಏಳು ತಿಂಗಳು ದಾಟಿದೋರು, 35 ವರ್ಷ ಮೀರಿದೋರು, ಶುಗರ್, ಬಿಪಿ, ತೂಕದ ತೊಂದ್ರೆ ಇರೋರು ಇನ್ನಷ್ಟು ಹುಷಾರಾಗಿರ್ಬೇಕು. ಹಾಗಂತ ಹೆದರಿ ಕೂರ್ಬೇಡಿ, ಹೆಚ್ಚಿನೋರು ಮನೇಲೇ ಇದ್ದು ಗುಣ ಆಗಿದಾರೆ.

ಆಸ್ಪತ್ರೆಗೆ ಹೋಗಿ ಅಲ್ಲೇ ರೋಗ ಹಚ್ಕೊಂಡು ಬಂದ್ರೆ? ಮನೇಲೇ ಇದ್ದುಬಿಡೋದು ಸೇಫ್ ಅಲ್ವಾ?

ಎಲ್ಲಕ್ಕಿಂತ ಜಾಸ್ತಿ ಕೇಳೋ ಪ್ರಶ್ನೆ ಇದು, ನನ್ನ ಪ್ರಕಾರ ಎಲ್ಲಕ್ಕಿಂತ ಜಾಸ್ತಿ ನಷ್ಟ ಆಗಿರೋದೂ ಇಲ್ಲೇ. ಮನೇಲಿ ಕೂತ್ರೆ ಸೋಂಕಿನಿಂದ ತಪ್ಪಿಸ್ಕೋಬಹುದೇನೋ, ಆದ್ರೆ ಏರಿದ ಬಿಪಿ, ಇಳಿದ ರಕ್ತ, ಬೆಳವಣಿಗೆ ನಿಂತಿರೋ ಮಗು, ಇವು ಯಾವ್ದೂ ಮಹಾಮಾರಿ ಮುಗೀಲಿ ಅಂತ ಕಾಯಲ್ಲ. 2014ರಿಂದ 2016ರವರೆಗೆ ಪಶ್ಚಿಮ ಆಫ್ರಿಕಾದಲ್ಲಿ ಎಬೋಲಾ ಹರಡಿದಾಗ ಜನ ಹೆದರಿ ಹೆರಿಗೆಗೂ ಆಸ್ಪತ್ರೆಗೆ ಹೋಗೋದು ಬಿಟ್ರು, ಎಬೋಲಾ ಮುಟ್ಟದೇ ಇರೋ ತಾಯಂದಿರೂ ಶಿಶುಗಳೂ ಎಷ್ಟೋ ಜನ ಅದಕ್ಕೇ ಜೀವ ಕಳ್ಕೊಂಡ್ರು. ಕೋವಿಡ್‌ನಲ್ಲೂ ಅದೇ ಕಥೆ. 17 ದೇಶಗಳ ಅಧ್ಯಯನಗಳನ್ನ ಒಟ್ಟುಗೂಡಿಸಿ 2021ರಲ್ಲಿ ನೋಡಿದಾಗ ಸತ್ತು ಹುಟ್ಟೋ ಮಕ್ಕಳ ಪ್ರಮಾಣವೂ ತಾಯಂದಿರ ಸಾವೂ ಮಹಾಮಾರಿಗೆ ಮುಂಚೆ ಇದ್ದಿದ್ದಕ್ಕಿಂತ ಏರಿದ್ದು ಕಂಡಿತ್ತು, ಗರ್ಭಕೋಶದ ಹೊರಗೆ ಬಸುರು ನಿಂತು ಆಪರೇಷನ್ ತನಕ ಹೋದ ಕೇಸುಗಳೂ ಜಾಸ್ತಿ ಆಗಿದ್ವು, ಅಂದ್ರೆ ಹೊಟ್ಟೆನೋವು ಬಂದಾಗ್ಲೇ ಹೋಗ್ಬೇಕಾದೋರು ತಡ ಮಾಡಿ ಹೋಗಿರೋ ಲಕ್ಷಣ ಅದು. ಹಾಗಾಗಿ ಆಸ್ಪತ್ರೆನೋ ಮನೆನೋ ಅಂತ ಒಂದೇ ಏಟಿಗೆ ತೀರ್ಮಾನ ಮಾಡ್ಬೇಡಿ. ಈ ವಾರದ ಈ ವಿಸಿಟ್ ಫೋನಲ್ಲಿ ಆಗುತ್ತಾ ಅಂತ ಪ್ರತಿಸಲ ಕೇಳ್ಕೊಳ್ಳಿ.

ಯಾವ ಚೆಕಪ್ ಫೋನಲ್ಲಿ ಮುಗಿಸ್ಬಹುದು, ಯಾವ್ದಕ್ಕೆ ಹೋಗ್ಲೇಬೇಕು?

ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲಿ ಹೇಳಿದ್ದು ಬಸುರಲ್ಲಿ ಕಮ್ಮಿ ಅಂದ್ರೂ 8 ಸಲ ಆರೋಗ್ಯ ಸಿಬ್ಬಂದಿ ಕಣ್ಣಿಗೆ ಬೀಳ್ಬೇಕು ಅಂತ, ಮೊದಲನೇದು 12 ವಾರದೊಳಗೆ, ಆಮೇಲೆ 20, 26, 30, 34, 36, 38, 40ನೇ ವಾರ. ಎಂಟಕ್ಕೆ ಎಂಟೂ ಆಸ್ಪತ್ರೇಲೇ ಆಗ್ಬೇಕು ಅಂತೇನಿಲ್ಲ. ವಾಂತಿ, ಎದೆಯುರಿ, ನಿದ್ದೆ, ಮಾತ್ರೆ ಹೇಗೆ ನುಂಗೋದು, ಬಂದಿರೋ ರಿಪೋರ್ಟ್ ಏನು ಹೇಳುತ್ತೆ, ಹೆರಿಗೆಗೆ ಏನು ಸಿದ್ಧತೆ, ಇದೆಲ್ಲ ಫೋನಲ್ಲೇ ಆಗುತ್ತೆ.

ಹೋಗ್ಲೇಬೇಕಾದ್ದು ಅಂದ್ರೆ ಮುಟ್ಟಿ ನೋಡ್ಬೇಕಾದ್ದು, ರಕ್ತ ತೆಗೀಬೇಕಾದ್ದು, ವಾರ ದಾಟಿದ್ರೆ ಮತ್ತೆ ಆಗದೇ ಇರೋದು. ಮೊದಲ ವಿಸಿಟ್‌ನ ರಕ್ತ ಪರೀಕ್ಷೆಗಳು, ಬ್ಲಡ್ ಗ್ರೂಪ್. 11ರಿಂದ 13 ವಾರದ ಸ್ಕ್ಯಾನ್ ಆ ಟೈಮ್ ಬಿಟ್ರೆ ಹೋಯ್ತು. 18ರಿಂದ 22 ವಾರದೊಳಗೆ ಮಗುವಿನ ಅಂಗಾಂಗ ನೋಡೋ ಸ್ಕ್ಯಾನ್. 24ರಿಂದ 28 ವಾರದಲ್ಲಿ ಶುಗರ್ ಟೆಸ್ಟ್. ನಿಮ್ಮ ಗ್ರೂಪ್ ನೆಗೆಟಿವ್ ಆಗಿದ್ರೆ 28ನೇ ವಾರದ ಸುಮಾರಿಗೆ ಆಂಟಿ-ಡಿ ಇಂಜೆಕ್ಷನ್ (ತಾಯಿ ದೇಹ ಮಗು ರಕ್ತದ ವಿರುದ್ಧ ತಿರುಗದ ಹಾಗೆ ತಡೆಯೋದು), ಮಗು ಬ್ಲಡ್ ಗ್ರೂಪ್ ಪಾಸಿಟಿವ್ ಆದ್ರೆ ಹೆರಿಗೆ ಆಗಿ 72 ಗಂಟೆ ಒಳಗೆ ಇನ್ನೊಂದು, ಇದನ್ನ ದಯವಿಟ್ಟು ಯಾರೂ ಮುಂದೆ ಹಾಕ್ಬೇಡಿ, ಇದ್ರ ಪೆಟ್ಟು ಮುಂದಿನ ಮಗುಗೆ ಬೀಳೋದು. ಕೊನೇ ತಿಂಗಳಲ್ಲಿ ಮಗು ತಲೆ ಕೆಳಗಿದ್ಯಾ, ಬೆಳವಣಿಗೆ ಸರಿ ಇದ್ಯಾ ಅಂತ ನೋಡೋಕೆ ಕೈಯಿಂದ ಮುಟ್ಟಲೇಬೇಕು. ಒಂದೇ ದಿನ ಸ್ಕ್ಯಾನ್, ರಕ್ತ, ಇಂಜೆಕ್ಷನ್ ಮೂರೂ ಮುಗಿಯೋ ಹಾಗೆ ಅಪಾಯಿಂಟ್ಮೆಂಟ್ ಕೇಳಿ. ಎಷ್ಟೋ ಕಡೆ ಕೇಳಿದ್ರೆ ಮಾಡ್ಕೊಡ್ತಾರೆ, ಕೇಳದೇ ಇದ್ರೆ ಮೂರು ಸಲ ಓಡಿಸ್ತಾರೆ.

ಮಾಸ್ಕ್ ಹಾಕ್ಕೊಂಡ್ರೆ ಮಗುಗೆ ಆಕ್ಸಿಜನ್ ಕಮ್ಮಿ ಆಗಲ್ವಾ?

ಆಗಲ್ಲ. ಎನ್-95 ಹಾಕಿದ್ರೆ ಸೆಕೆ ಆಗುತ್ತೆ, ಉಸಿರು ಕಟ್ಟಿದ ಹಾಗನ್ಸುತ್ತೆ, ಅಷ್ಟೇ.

## ಮನೇಲಿ ಮಾಡ್ಕೋಬಹುದಾದ್ದು

ಬಿಪಿ ಮಿಷನ್ ತಂದಿದೀವಿ, ಒಂದೊಂದ್ಸಲ ಒಂದೊಂದು ತೋರಿಸುತ್ತೆ, ಯಾವ್ದನ್ನ ನಂಬೋದು?

ಮಿಷನ್ ತಪ್ಪಿಗಿಂತ ನೋಡೋ ರೀತಿ ತಪ್ಪಾಗಿರೋದೇ ಜಾಸ್ತಿ. ಮೊದ್ಲು ಬಾತ್‌ರೂಮಿಗೆ ಹೋಗ್ಬನ್ನಿ, ಮೂತ್ರ ತಡ್ಕೊಂಡಿದ್ರೆ ಬಿಪಿ ಏರಿರುತ್ತೆ. ಬೆನ್ನಿಗೆ ಆಸರೆ ಇರೋ ಕುರ್ಚೀಲಿ 5 ನಿಮಿಷ ಸುಮ್ನೆ ಕೂತ್ಕೊಳ್ಳಿ, ಎರಡೂ ಪಾದ ನೆಲದ ಮೇಲಿರ್ಲಿ, ಕಾಲ ಮೇಲೆ ಕಾಲು ಹಾಕ್ಬೇಡಿ. ಪಟ್ಟಿ ಬಟ್ಟೆ ಮೇಲೆ ಕಟ್ಬಾರ್ದು, ತೋಳಿನ ಚರ್ಮದ ಮೇಲೇ, ಮೊಣಕೈ ಮಡಿಕೆಯಿಂದ ಎರಡು ಬೆರಳು ಮೇಲಕ್ಕೆ. ಕೈ ಟೇಬಲ್ ಮೇಲೆ ಎದೆ ಮಟ್ಟಕ್ಕೆ ಇರ್ಲಿ, ಮಿಷನ್ ಓಡ್ವಾಗ ಮಾತು ಬೇಡ, ಫೋನೂ ಬೇಡ. ಒಂದು ನಿಮಿಷ ಬಿಟ್ಟು ಇನ್ನೊಂದ್ಸಲ ನೋಡಿ, ಎರಡನ್ನೂ ತಾರೀಖು ಟೈಮ್ ಸಮೇತ ಬರ್ಕೊಳ್ಳಿ. ತೋಳು ದಪ್ಪ ಇದ್ದು ಪಟ್ಟಿ ಚಿಕ್ಕದಾದ್ರೆ ಸುಳ್ಳು ಸುಳ್ಳೇ ಜಾಸ್ತಿ ತೋರಿಸುತ್ತೆ, ದೊಡ್ಡ ಸೈಜಿನ ಪಟ್ಟಿ ತಗೊಳ್ಳಿ. ಮಣಿಕಟ್ಟಿಗೆ ಕಟ್ಟೋ ಮಿಷನ್ ನನಗೆ ನಂಬಿಕೆ ಇಲ್ಲ. ಮುಂದಿನ ಸಲ ಆಸ್ಪತ್ರೆಗೆ ಹೋಗ್ವಾಗ ನಿಮ್ಮ ಮಿಷನ್ನೂ ತಗೊಂಡೋಗಿ ಅವ್ರದ್ರ ಪಕ್ಕ ಇಟ್ಟು ತಾಳೆ ನೋಡಿ.

140/90 ಅಥವಾ ಅದಕ್ಕಿಂತ ಜಾಸ್ತಿ ಎರಡು ಸಲ ಬಂದ್ರೆ ಅವತ್ತೇ ಫೋನ್ ಮಾಡಿ. ಮೇಲಿನ ನಂಬರ್ 160 ಅಥವಾ ಕೆಳಗಿನದು 110 ಮುಟ್ಟಿದ್ರೆ ಎರಡ್ರಲ್ಲಿ ಒಂದಾದ್ರೂ ಸಾಕು, ಮತ್ತೊಂದ್ಸಲ ನೋಡಿ ಹಾಗೇ ಇದ್ರೆ ಹೊರಟುಬಿಡಿ, ನಾಳೆ ಬೆಳಗ್ಗೆ ಅನ್ನೋ ಮಾತು ಬೇಡ. ಬಸುರಿನ ನಂಜು ಅಂತಾರಲ್ಲ, ಪ್ರಿಎಕ್ಲಾಂಪ್ಸಿಯಾ, ಅದು ಸಾಮಾನ್ಯವಾಗಿ 20 ವಾರ ಆದ್ಮೇಲೆ ಬರೋದು, ಎಷ್ಟೋ ಸಲ ಯಾವ ತೊಂದ್ರೆನೂ ತೋರಿಸ್ದೇ ಬರುತ್ತೆ. ಅದನ್ನ ತಡೆಯೋಕೆ ಅಂತ ಸಣ್ಣ ಡೋಸ್ ಆಸ್ಪಿರಿನ್ ಕೊಟ್ಟಿದ್ರೆ ವಾಟ್ಸಾಪಲ್ಲಿ ಏನೋ ಓದಿ ನಿಲ್ಲಿಸ್ಬೇಡಿ, ಡಾಕ್ಟ್ರನ್ನ ಕೇಳಿ.

ಮಗು ಒದೆಯೋದು ಕಮ್ಮಿ ಆಗಿದೆ ಅನ್ಸುತ್ತೆ, ಇಷ್ಟಕ್ಕೆಲ್ಲ ಆಸ್ಪತ್ರೆಗೆ ಹೋದ್ರೆ ಬೈತಾರೇನೋ?

ಬೈದ್ರೂ ಹೋಗಿ. 28 ವಾರ ಆದ್ಮೇಲೆ ನಿಮ್ಮ ಮಗುದು ಒಂದು ರೂಢಿ ಅಂತ ಇರುತ್ತೆ, ಅದು ನಿಮಗೇ ಗೊತ್ತಾಗುತ್ತೆ. ಅನುಮಾನ ಬಂದ್ರೆ ಎಡಗಡೆ ತಿರುಗಿ ಮಲ್ಕೊಂಡು ಬೇರೇನೂ ಮಾಡ್ದೇ ಬರೀ ಅದ್ರ ಮೇಲೇ ಗಮನ ಇಡಿ, 2 ಗಂಟೇಲಿ 10 ಸಲ ಮಿಸುಕಾಡ್ಲಿಲ್ಲ ಅಂದ್ರೆ, ಅಥವಾ ಹತ್ತಾದ್ರೂ ನಿಮ್ಮ ಮನಸ್ಸಿಗೆ ಸರಿ ಅನ್ನಿಸ್ಲಿಲ್ಲ ಅಂದ್ರೆ, ಅವತ್ತೇ ಹೋಗ್ಬೇಕು. ಕೊನೇ ತಿಂಗಳಲ್ಲಿ ಜಾಗ ಇಲ್ದೇ ಮಗು ಸುಮ್ನಾಗುತ್ತೆ ಅಂತ ಯಾರಾದ್ರೂ ಹೇಳಿದ್ರೆ ನಂಬ್ಬೇಡಿ, ಚಲನೆಯ ರೀತಿ ಬದಲಾಗ್ಬಹುದು ಆದ್ರೆ ಕಮ್ಮಿ ಆಗ್ಬಾರ್ದು. ಇನ್ನೊಂದು, ಮನೇಲೇ ಮಗು ಎದೆಬಡಿತ ಕೇಳೋ ಡಾಪ್ಲರ್ ಅಂತ ಮಾರ್ತಾರಲ್ಲ, ಅದು ಬೇಡವೇ ಬೇಡ. ತಾಯಿಯ ರಕ್ತನಾಳದ ಸದ್ದನ್ನೇ ಮಗುದು ಅಂದ್ಕೊಂಡು ಸಮಾಧಾನ ಮಾಡ್ಕೊಂಡು ಮಲಗಿಬಿಡ್ತಾರೆ.

ಏನೇನಾದ್ರೆ ಫೋನ್ ಗೀನ್ ಮಾಡ್ತಾ ಕೂರದೇ ಸೀದಾ ಹೋಗ್ಬೇಕು?

ರಕ್ತಸ್ರಾವ, ನೀರು ಒಡೆಯೋದು (ಹಸಿರು ಬಣ್ಣ ಇದ್ರಂತೂ ಓಡಿ), ಮಾತ್ರೆಗೂ ಬಗ್ಗದ ತಲೆನೋವು, ಕಣ್ಣ ಮುಂದೆ ಮಿಂಚು ಮಂಜು ಬರೋದು, ಬಲಗಡೆ ಪಕ್ಕೆಲುಬಿನ ಕೆಳಗೆ ನೋವು, ಇದ್ದಕ್ಕಿದ್ದ ಹಾಗೆ ಮುಖ ಕೈ ಊದೋದು, ಫಿಟ್ಸ್, ಎದೆನೋವು, ಕೂತಲ್ಲೇ ಏದುಸಿರು, ಒಂದೇ ಕಾಲು ಊದಿ ನೋಯೋದು. ಮೊದಲ ಮೂರು ತಿಂಗಳಲ್ಲಿ ಕಿಬ್ಬೊಟ್ಟೆ ಒಂದು ಪಕ್ಕ ಚುಚ್ಚೋ ನೋವು, ತಲೆಸುತ್ತು, ಭುಜದ ತುದೀಲಿ ನೋವು ಬಂದ್ರೆ ಅದು ಗರ್ಭಕೋಶದ ಹೊರಗಿನ ಬಸುರಿರಬಹುದು, ಒಳಗೊಳಗೇ ರಕ್ತ ಹರೀತಿರುತ್ತೆ. ಜ್ವರ ಇದೆ, ಪಾಸಿಟಿವ್ ಇದೆ ಅನ್ನೋ ಕಾರಣಕ್ಕೆ ಇವು ಯಾವ್ದನ್ನೂ ತಡ ಮಾಡೋ ಹಾಗಿಲ್ಲ, ಹೋಗ್ವಾಗ ದಾರೀಲಿ ಫೋನ್ ಮಾಡಿ ಪಾಸಿಟಿವ್ ಅಂತ ತಿಳಿಸಿದ್ರೆ ಸಾಕು. ಅಂಗೈ ಅಂಗಾಲು ರಾತ್ರಿ ಹೊತ್ತು ವಿಪರೀತ ತುರಿಸೋದನ್ನ ಮಾತ್ರ ಫೋನಲ್ಲಿ ಹೇಳಿ ಮರುದಿನ ರಕ್ತ ಕೊಟ್ಟು ಬರ್ಬಹುದು, ಲಿವರ್ ನೋಡ್ಬೇಕಾಗುತ್ತೆ.

ನಾನು ಗಂಡ, ಒಳಗೂ ಬಿಡಲ್ಲ, ಏನೂ ಗೊತ್ತಾಗಲ್ಲ, ನಾನೇನು ಮಾಡ್ಲಿ?

ಹೊರಗಿಂದ ರೋಗ ಮನೆಗೆ ಬರೋದು ಹೆಚ್ಚಾಗಿ ನಿಮ್ಮ ಮೂಲಕನೇ, ಹಾಗಾಗಿ ಮೊದಲ ಲಸಿಕೆ, ಮಾಸ್ಕು ನಿಮಗೆ. ಆಮೇಲೆ ಫೈಲಿನ ಪ್ರತಿ ಹಾಳೆ ಫೋಟೋ ತೆಗೆದು ಇಬ್ರ ಫೋನಲ್ಲೂ ಇಟ್ಕೊಳ್ಳಿ, ಬ್ಲಡ್ ಗ್ರೂಪ್ ಕಾಣೋ ಹಾಳೆ ಮೊದ್ಲು. ನೀವು ಅಂದ್ಕೊಂಡಿರೋ ಆಸ್ಪತ್ರೆ ರಾತ್ರೋರಾತ್ರಿ ಸೋಂಕಿತರಿಗೆ ಮಾತ್ರ ಅಂತ ಮಾಡಿಬಿಟ್ರೆ ಎಲ್ಲಿಗೆ? ಎರಡನೇದೊಂದು ಈಗ್ಲೇ ನೋಡಿಡಿ, ಹಿಂದಿನ ದಿನ ಅಲ್ಲ. ಗಾಡಿ ಯಾರು ಓಡಿಸ್ತಾರೆ, ಅವ್ರಿಗೆ ಜ್ವರ ಬಂದ್ರೆ ಯಾರು, ಆಂಬುಲೆನ್ಸ್ ನಂಬರ್ ಯಾವ್ದು, ರಕ್ತ ಬೇಕಾದ್ರೆ ಕೊಡೋಕೆ ಇಬ್ರು, ಮೊದಲ ಮಗು ಇದ್ರೆ ಅದನ್ನ ನೋಡ್ಕೊಳ್ಳೋಕೆ ಒಬ್ರು, ಇಷ್ಟೂ ಬರ್ದು ಗೋಡೆಗಂಟಿಸಿ. ವೈದ್ಯರ ಫೋನ್ ಬಂದಾಗ ಪಕ್ಕದಲ್ಲಿ ಕೂತು ನೋಟ್ಸ್ ಮಾಡ್ಕೊಳ್ಳಿ, ಆದ್ರೆ ಅವ್ಳ ಬದ್ಲು ನೀವೇ ಉತ್ರ ಕೊಡ್ಬೇಡಿ, ಒಂದು ಸ್ವಲ್ಪ ಹೊತ್ತು ಎದ್ದು ಆಚೆಗೂ ಹೋಗಿ.

ಐರನ್ ಮಾತ್ರೆ ಖಾಲಿ ಆಗಿದೆ, ಸ್ವಲ್ಪ ದಿನ ಬಿಟ್ರೆ ಪರವಾಗಿಲ್ವಾ?

ಒಂದೆರಡು ದಿನ ಪರವಾಗಿಲ್ಲ, ತಿಂಗಳುಗಟ್ಲೆ ಬಿಟ್ರೆ ತೊಂದ್ರೆ. ಬಸುರಲ್ಲಿ ಹಿಮೋಗ್ಲೋಬಿನ್ 11ಕ್ಕಿಂತ ಕೆಳಗಿದ್ರೆ ರಕ್ತಹೀನತೆ, ಹೆರಿಗೆಯಲ್ಲಿ ಸ್ವಲ್ಪ ರಕ್ತ ಹೋದ್ರೂ ಅಂಥವ್ರಿಗೆ ತಡ್ಯಲ್ಲ. ದಿನಕ್ಕೆ 30ರಿಂದ 60 ಮಿಲಿಗ್ರಾಂ ಕಬ್ಬಿಣ, 400 ಮೈಕ್ರೋಗ್ರಾಂ ಫೋಲಿಕ್ ಆಸಿಡ್ ಅನ್ನೋದು ಸಾಮಾನ್ಯ ಅಳತೆ, ರಕ್ತ ಕಮ್ಮಿ ಇದ್ರೆ ಜಾಸ್ತಿ ಕೊಡ್ತಾರೆ. ಒಂದೇ ಸಲಕ್ಕೆ ಎರಡು ಮೂರು ತಿಂಗಳಿಗಾಗೋಷ್ಟು ಕೇಳಿ ತಗೊಳ್ಳಿ. ಥೈರಾಯ್ಡ್, ಬಿಪಿ, ಶುಗರ್, ಫಿಟ್ಸ್ ಮಾತ್ರೆ ನುಂಗೋರು ಇನ್ನೆರಡು ವಾರ ಇದೆ ಅನ್ನೋವಾಗ್ಲೇ ತರಿಸ್ಕೊಳ್ಳಿ.

ಕಾರಣ ಇಲ್ದೇ ಅಳು ಬರುತ್ತೆ, ಎಲ್ರೂ ಬಸುರಲ್ಲಿ ಹಾಗೇ ಅಂತಾರೆ.

ಒಂದು ದಿನ ಹಾಗನ್ಸೋದು ಬೇರೆ, ಎರಡು ವಾರ ಬಿಡದೇ ಕಾಡೋದು ಬೇರೆ. ನಿದ್ದೆ ಬರದೇ ಇರೋದು, ಯಾವ್ದರಲ್ಲೂ ಆಸಕ್ತಿ ಇಲ್ದೇ ಇರೋದು, ಮಗು ಬಗ್ಗೆ ಏನೂ ಅನ್ನಿಸ್ದೇ ಇರೋದು, ಇವನ್ನೆಲ್ಲ ಬಿಪಿ ಹೇಳಿದಷ್ಟೇ ಸಲೀಸಾಗಿ ಡಾಕ್ಟ್ರಿಗೆ ಹೇಳಿ. ಖಿನ್ನತೆ ಇದ್ಯಾ ಅಂತ ನೋಡೋಕೆ ಎಡಿನ್‌ಬರೋ ಸ್ಕೇಲ್ ಅಂತ 10 ಪ್ರಶ್ನೆಗಳದ್ದೊಂದಿದೆ, ಫೋನಲ್ಲೇ ಕೇಳ್ಬಹುದು. ಸಾಯ್ಬೇಕು ಅನ್ನಿಸಿದ್ರೆ ಅದು ಎಮರ್ಜೆನ್ಸಿ, ಒಬ್ರನ್ನೇ ಬಿಡೋ ಹಾಗಿಲ್ಲ.

## ಸೋಂಕು ಬಂದ್ರೆ, ಲಸಿಕೆ ಬಂದ್ರೆ

ಪಾಸಿಟಿವ್ ಬಂದಿದೆ, 101 ಜ್ವರ ಇದೆ, ಯಾವ ಮಾತ್ರೆ ತಗೊಳ್ಲಿ? ಮಗುಗೆ ಏನೂ ಆಗಲ್ವಾ?

ಜ್ವರಕ್ಕೆ ಪ್ಯಾರಸಿಟಮಾಲ್ ತಗೊಳ್ಬಹುದು, ಜ್ವರ ಹಾಗೇ ಬಿಡೋದೇ ಮಗುಗೆ ಒಳ್ಳೇದಲ್ಲ. ಐಬುಪ್ರೊಫೆನ್ ಥರದ್ದು ಬೇಡ, ಅದ್ರಲ್ಲೂ 20 ವಾರ ದಾಟಿದ್ರೆ ಮಗು ಕಿಡ್ನಿ ಮೇಲೆ, ಸುತ್ತ ಇರೋ ನೀರಿನ ಮೇಲೆ ಪರಿಣಾಮ ಆಗ್ಬಹುದು. ಮನೇಲಿ ಉಳಿದಿರೋ ಆಂಟಿಬಯೋಟಿಕ್ ನುಂಗ್ಬೇಡಿ, ವೈರಸ್‌ಗೆ ಅದು ಕೆಲಸ ಮಾಡಲ್ಲ. ಹರಡಿರೋದು ಫ್ಲೂ ಆಗಿದ್ರೆ ಒಸೆಲ್ಟಾಮಿವಿರ್ ಅನ್ನೋ ಔಷಧಿ 48 ಗಂಟೆ ಒಳಗೆ ಶುರು ಮಾಡಿದ್ರೆ ಚೆನ್ನಾಗಿ ಕೆಲಸ ಮಾಡುತ್ತೆ, ಆ ಕಾರಣಕ್ಕೆ ಮೊದಲ ದಿನವೇ ಫೋನ್ ಮಾಡಿ ಅನ್ನೋದು.

ಬೆರಳಿಗೆ ಹಾಕಿ ರಕ್ತದಲ್ಲಿರೋ ಆಕ್ಸಿಜನ್ ನೋಡೋ ಆಕ್ಸಿಮೀಟರ್ ಇದ್ರೆ ಉಗುರುಬಣ್ಣ ತೆಗೆದು, ಕೈ ತಣ್ಣಗಿದ್ರೆ ಉಜ್ಜಿ ಬಿಸಿ ಮಾಡಿ, ನಂಬರ್ ಓಡಾಡೋದು ನಿಲ್ಲೋ ತನಕ ಕಾದು ಓದಿ. ಬಸುರಿಯರಿಗೆ 95 ಅಥವಾ ಮೇಲೆ ಇರ್ಬೇಕು. 94 ಬಂತು ಅಂದ್ರೆ ಬೇರೆಯವ್ರಿಗೆ ಪರವಾಗಿಲ್ಲ ಅಂದ್ರೂ ನಿಮಗೆ ಪರವಾಗಿಲ್ಲ ಅಲ್ಲ, ಫೋನ್ ಮಾಡಿ. ಚೆನ್ನಾಗಿದೀನಿ ಅನ್ನಿಸ್ತಿದ್ದೋರು ಐದನೇ ದಿನದಿಂದ ಹತ್ತನೇ ದಿನದೊಳಗೆ ಇದ್ದಕ್ಕಿದ್ದ ಹಾಗೆ ಕುಸಿಯೋದು ಕೋವಿಡ್‌ನಲ್ಲಿ ಆಗ್ತಿತ್ತು, ಜ್ವರ ಬಿಟ್ಟ ತಕ್ಷಣ ನಂಬರ್ ನೋಡೋದು ನಿಲ್ಲಿಸ್ಬೇಡಿ. ಇಡೀ ದಿನ ಮಲಗ್ಲೂಬೇಡಿ, ಕಾಲಲ್ಲಿ ರಕ್ತ ಹೆಪ್ಪುಗಟ್ಟುತ್ತೆ, ರೂಮಲ್ಲೇ ಓಡಾಡಿ, ನೀರು ಕುಡೀರಿ. ಗುಣ ಆದ್ಮೇಲೆ ಮಗು ಬೆಳವಣಿಗೆ ನೋಡೋಕೆ ಸ್ಕ್ಯಾನ್ ಬೇಕಾ ಅಂತ ಕೇಳಿ.

ಎದೆ ಎಕ್ಸ್-ರೇ ತೆಗೀಬೇಕು ಅಂತಿದಾರೆ, ಬೇಡ ಅಂದ್ಬಿಡ್ಲಾ?

ಬೇಡ ಅನ್ಬೇಡಿ. ಎದೆ ಎಕ್ಸ್-ರೇಯಿಂದ ಮಗುಗೆ ತಲುಪೋ ವಿಕಿರಣ ಲೆಕ್ಕಕ್ಕಿಲ್ಲದಷ್ಟು ಕಮ್ಮಿ. ತಾಯಿಗೆ ಆಕ್ಸಿಜನ್ ಇಳಿದ್ರೆ ಮಗುಗೂ ಇಳಿಯುತ್ತೆ. ತಾಯಿಗೆ ಬೇಕಾದ ಚಿಕಿತ್ಸೆನ ಬಸುರಿ ಅನ್ನೋ ಒಂದೇ ಕಾರಣಕ್ಕೆ ತಡೆಹಿಡಿಯೋದು ಮನೆಯವ್ರೂ ಮಾಡ್ತಾರೆ, ಕೆಲವು ಸಲ ಆಸ್ಪತ್ರೆಯವ್ರೂ ಮಾಡ್ತಾರೆ, ಎರಡೂ ತಪ್ಪು.

ಲಸಿಕೆ ಹೊಸದು, ಬಸುರಿಯರ ಮೇಲೆ ಟೆಸ್ಟೇ ಮಾಡಿಲ್ಲ ಅಂತಾರೆ, ಹೇಗೆ ನಂಬೋದು?

ಈ ಅನುಮಾನಕ್ಕೆ ಕಾರಣ ಇದೆ. ಕೋವಿಡ್ ಲಸಿಕೆಯ ಮೊದಮೊದಲ ಪ್ರಯೋಗಗಳಲ್ಲಿ ಬಸುರಿಯರನ್ನ ಸೇರಿಸ್ಕೊಳ್ಳಲೇ ಇಲ್ಲ, ಆಮೇಲೆ ಮಾಹಿತಿ ಇಲ್ಲ ಅಂತ ಅವ್ರಿಗೇ ಕೊಡೋಕೆ ಹಿಂದೆಮುಂದೆ ನೋಡಿದ್ರು. ರಕ್ಷಿಸ್ತೀವಿ ಅಂತ ಹೊರಗಿಟ್ಟು ಕೊನೆಗೆ ರಕ್ಷಣೆನೇ ತಡವಾಗೋ ಹಾಗೆ ಮಾಡಿದ್ದು ಇದು, ನನಗಂತೂ ಇವತ್ತಿಗೂ ಸಿಟ್ಟು ಬರೋ ವಿಷಯ. 2021ರಲ್ಲಿ ಲಸಿಕೆ ತಗೊಂಡ ಬಸುರಿಯರ ಮಾಹಿತಿ ರಾಶಿ ಬಂತು, ಗರ್ಭಪಾತ ಹೆಚ್ಚಾಗ್ಲಿಲ್ಲ, ಅಂಗವೈಕಲ್ಯ ಹೆಚ್ಚಾಗ್ಲಿಲ್ಲ, ರೋಗದ ವಿರುದ್ಧ ಹೋರಾಡೋ ತಾಯಿಯ ಪ್ರತಿಕಾಯಗಳು ಮಗುಗೂ ದಾಟ್ತವೆ ಅಂತ ಗೊತ್ತಾಯ್ತು, ಆಗ ಒಂದೊಂದೇ ದೇಶ ತಗೊಳ್ಳಿ ಅಂತ ಹೇಳೋಕೆ ಶುರು ಮಾಡ್ತು.

ಹೊಸ ಲಸಿಕೆ ಬಂದಾಗ ಕೇಳ್ಬೇಕಾದ ಮೊದಲ ಪ್ರಶ್ನೆ, ಇದ್ರಲ್ಲಿ ಜೀವಂತ ವೈರಸ್ ಇದ್ಯಾ? ದಡಾರ, ಚಿಕನ್‌ಪಾಕ್ಸ್ ಲಸಿಕೆಗಳಲ್ಲಿ ದುರ್ಬಲಗೊಳಿಸಿದ ಜೀವಂತ ವೈರಸ್ ಇರೋದ್ರಿಂದ ಬಸುರಲ್ಲಿ ಕೊಡಲ್ಲ. ಫ್ಲೂ ಇಂಜೆಕ್ಷನ್‌ನಲ್ಲಿ ಅದಿಲ್ಲ, ಯಾವ ತಿಂಗಳಲ್ಲಾದ್ರೂ ತಗೊಳ್ಬಹುದು. ನಾಯಿಕೆಮ್ಮಿನದು 27ರಿಂದ 36 ವಾರದೊಳಗೆ ಕೊಟ್ರೆ ಹುಟ್ಟೋ ಮಗುಗೆ ರಕ್ಷಣೆ ಸಿಗುತ್ತೆ.

## ಹೆರಿಗೆ, ಹಾಲು, ಆಮೇಲಿನ ದಿನಗಳು

ಪಾಸಿಟಿವ್ ಇದ್ರೆ ಸಿಸೇರಿಯನ್ನೇ ಮಾಡ್ತಾರಂತೆ?

ಸೋಂಕಿದೆ ಅನ್ನೋದೊಂದೇ ಕಾರಣಕ್ಕೆ ಸಿಸೇರಿಯನ್ ಬೇಕಿಲ್ಲ. ಉಸಿರಾಟ ತೀರಾ ಹದಗೆಟ್ಟಿದ್ರೆ, ಮಗುಗೆ ತೊಂದ್ರೆ ಆಗ್ತಿದ್ರೆ ಅದು ಬೇರೆ ಮಾತು. ಯಾಕೆ ಅಂತ ಕೇಳಿ, ಕಾರಣ ಫೈಲಲ್ಲಿ ಬರೀರಿ ಅಂತ ಹೇಳಿ.

ಹೆರಿಗೆ ರೂಮಿಗೆ ಯಾರನ್ನೂ ಬಿಡಲ್ವಂತೆ, ಒಬ್ಳೇ ಹೇಗಿರ್ಲಿ?

ನೋವಿನ ಹೊತ್ತಲ್ಲಿ ಅವ್ಳಿಗೆ ಬೇಕಾದೋರು ಒಬ್ರು ಜೊತೆಗಿರ್ಬೇಕು ಅನ್ನೋದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ, ಕೋವಿಡ್ ಟೈಮಲ್ಲೂ ಅದನ್ನ ಅವ್ರು ಹಿಂದೆ ತಗೊಳ್ಲಿಲ್ಲ. ಆಸ್ಪತ್ರೆಯವ್ರ ಹತ್ರ ಎರಡು ಮೂರು ವಾರ ಮುಂಚೆನೇ ಮಾತಾಡಿ. ಒಬ್ರೇ ಬರ್ತಾರೆ, ಅವ್ರಿಗೆ ಜ್ವರ ಕೆಮ್ಮು ಇಲ್ಲ, ಮಾಸ್ಕ್ ತೆಗ್ಯಲ್ಲ, ಆಚೆ ಈಚೆ ಓಡಾಡಲ್ಲ, ಮಧ್ಯದಲ್ಲಿ ಇನ್ನೊಬ್ರಿಗೆ ಪಾಳಿ ಬಿಟ್ಕೊಡಲ್ಲ ಅಂತ ಹೇಳಿದ್ರೆ ಒಪ್ಪೋರು ಇದಾರೆ. ಒಪ್ಪಲೇ ಇಲ್ಲ ಅಂದ್ರೆ ಫೋನ್ ಒಳಗೆ ಬಿಡ್ತಾರಾ ಕೇಳಿ, ಉದ್ದ ವೈರಿನ ಚಾರ್ಜರ್ ಇಟ್ಕೊಳ್ಳಿ.

ನನಗೆ ಸೋಂಕಿದೆ, ಹಾಲು ಕೊಟ್ರೆ ಮಗುಗೆ ಬರಲ್ವಾ?

ಕೋವಿಡ್ ವಿಷಯದಲ್ಲಿ ಹಾಲಿಂದ ಹರಡಿದ್ದು ಕಂಡಿಲ್ಲ, ಹರಡೋದು ನಿಮ್ಮ ಉಸಿರಿಂದ. ಸೋಪು ಹಾಕಿ ಕೈ ತೊಳೀರಿ, ಮಾಸ್ಕ್ ಹಾಕಿ, ಎದೆಗಪ್ಪಿ ಹಾಲು ಕೊಡಿ. ತೀರಾ ಸುಸ್ತಿದ್ರೆ ಹಾಲು ಹಿಂಡಿ ಕೊಡಿ, ಹುಷಾರಾಗಿರೋರು ಕುಡಿಸ್ತಾರೆ. ಮಗುಗೆ ಮಾತ್ರ ಮಾಸ್ಕ್ ಹಾಕ್ಲೇಬೇಡಿ, ಉಸಿರುಕಟ್ಟುತ್ತೆ. ಎಲ್ಲ ಸೋಂಕಿಗೂ ಈ ಉತ್ರ ಒಂದೇ ಅಲ್ಲ, ಎಬೋಲಾದಲ್ಲಿ ಹಾಲು ನಿಲ್ಲಿಸ್ಬೇಕಾಗುತ್ತೆ, ಹಾಗಾಗಿ ಆ ಹೊತ್ತಿನ ಸೋಂಕು ಯಾವ್ದು ಅಂತ ನೋಡಿ ಕೇಳ್ಕೊಳ್ಳಿ.

ಹೆರಿಗೆ ಚೆನ್ನಾಗಾಯ್ತು, ಇನ್ನು ಚೆಕಪ್ ಬೇಕಾ?

ಬೇಕು. ಮೊದಲ 24 ಗಂಟೆ, ಎರಡು ಮೂರನೇ ದಿನ, ಎರಡನೇ ವಾರ, ಆರನೇ ವಾರ, ಇಷ್ಟು ಸಲ ನೋಡ್ಬೇಕು. ಬಿಪಿ ನಂಜು ಹೆರಿಗೆ ಆದ್ಮೇಲೂ ಬರುತ್ತೆ, ಮಿಷನ್ ಎತ್ತಿಡ್ಬೇಡಿ. ಒಂದು ಗಂಟೇಲಿ ಒಂದು ಪ್ಯಾಡ್ ಪೂರ್ತಿ ನೆನೆದ್ರೆ ಹೊರಡಿ. ಮಗುಗೆ ಹೆಪಟೈಟಿಸ್-ಬಿ ಲಸಿಕೆ 24 ಗಂಟೆ ಒಳಗೆ ಆಗ್ಬೇಕು, ಬೇಗ ಡಿಸ್ಚಾರ್ಜ್ ಮಾಡೋ ಗಡಿಬಿಡೀಲಿ ಬಿಟ್ಟುಹೋಗೋದು ಇದೇ.

## ಆರೋಗ್ಯ ಸಿಬ್ಬಂದಿ ಕೇಳೋದು

ನಾನು ಫೀಲ್ಡ್ ವರ್ಕರ್, ಫೋನ್ ಮಾಡಿದ್ರೆ ಎಲ್ರೂ ಚೆನ್ನಾಗಿದೀನಿ ಅಂತಾರೆ, ಸತ್ಯ ಹೇಗೆ ಹೊರಡಿಸೋದು?

ಹೇಗಿದೀರಾ ಅಂತ ಕೇಳಿದ್ರೆ ಚೆನ್ನಾಗಿದೀನಿ ಅಂತಾನೇ ಬರೋದು. ಮಾತ್ರೆ ನುಂಗ್ತಿದೀರಾ ಅನ್ನೋ ಬದ್ಲು ಮಾತ್ರೆ ಶೀಟ್ ಕೈಗೆ ತಗೊಳ್ಳಮ್ಮ, ಎಷ್ಟು ಉಳಿದಿದೆ ಎಣ್ಸು ಅನ್ನಿ. ಹದಿನೈದು ದಿನದ ಹಿಂದೆ ಕೊಟ್ಟ ಶೀಟಲ್ಲಿ ಎರಡೇ ಗುಂಡಿ ಒಡೆದಿದ್ರೆ ವಿಷಯ ಅಲ್ಲೇ ಗೊತ್ತಾಯ್ತಲ್ಲ, ಬೈಯ್ಯೋಕೆ ಹೋಗ್ಬೇಡಿ, ವಾಂತಿ ಬರುತ್ತಾ, ಮಲಬದ್ಧತೆನಾ ಅಂತ ಕೇಳಿ. ಮಗು ಆಡ್ತಿದ್ಯಾ ಅನ್ನೋ ಬದ್ಲು ಇವತ್ತು ಬೆಳಗ್ಗೆ ಎಷ್ಟು ಹೊತ್ತಿಗೆ ಆಡ್ತು ಅಂತ ಕೇಳಿ. ಪಕ್ಕದಲ್ಲಿ ಯಾರಿದಾರೆ, ಸ್ಪೀಕರ್ ಆನ್ ಇದ್ಯಾ ಅಂತ ಮೊದ್ಲೇ ಕೇಳಿ, ಮನೇಲಿ ಹೊಡೆತ ಬಡಿತ ಇದ್ಯಾ ಅಂತ ಅನುಮಾನ ಇದ್ರೆ ಹೌದು ಇಲ್ಲ ಅಂತಷ್ಟೇ ಉತ್ರ ಬರೋ ಹಾಗೆ ಕೇಳಿ, ಯಾರಾದ್ರೂ ಬಂದ್ರೆ ಮಾತು ಮಾತ್ರೆ ಕಡೆ ತಿರುಗಿಸಿ. ಎರಡು ಸಲ ಫೋನ್ ಎತ್ತದೇ ಇರೋರ ಮನೆಗೆ ಹೋಗ್ಲೇಬೇಕು.

ಸಿಬ್ಬಂದಿ ಅರ್ಧ ರಜೆ, ಎಲ್ರನ್ನೂ ನೋಡೋಕಾಗ್ತಿಲ್ಲ, ಯಾರನ್ನ ಮೊದ್ಲು ಕರೀಬೇಕು?

ಹೆಸರಿನ ಪಟ್ಟಿನ ಬಸುರಿನ ವಾರದ ಪ್ರಕಾರ ಜೋಡಿಸಿ, ದಿನಾಂಕದ ಪ್ರಕಾರ ಅಲ್ಲ. ಹಾಗಿದ್ರೆ ಈ ವಾರ ಯಾರಿಗೆ ಶುಗರ್ ಟೆಸ್ಟ್, ಯಾರಿಗೆ ಆಂಟಿ-ಡಿ, ಯಾರ ಸ್ಕ್ಯಾನ್ ಟೈಮ್ ಮುಗೀತಿದೆ ಅನ್ನೋದು ಒಂದೇ ನೋಟಕ್ಕೆ ಸಿಗುತ್ತೆ. ಬಿಪಿ ಇರೋರು, ಹಿಮೋಗ್ಲೋಬಿನ್ 7ಕ್ಕಿಂತ ಕಮ್ಮಿ ಇರೋರು, ಅವಳಿ ಮಕ್ಕಳಿರೋರು, ಹಿಂದೆ ಸಿಸೇರಿಯನ್ ಆದೋರು, ಸತ್ತ ಮಗು ಹುಟ್ಟಿದೋರು, ಇವ್ರನ್ನ ಫೋನಿಗೆ ವರ್ಗಾಯಿಸ್ಬೇಡಿ. ಜ್ವರ ಇರೋರಿಗೆ ಬೇರೆ ಬಾಗಿಲು, ಇಲ್ಲ ಅಂದ್ರೆ ದಿನದ ಕೊನೇ ಅರ್ಧ ಗಂಟೆ, ಅಂತೂ ವಾಪಸ್ ಕಳಿಸೋ ಹಾಗಿಲ್ಲ. ಬಾರದೇ ಇರೋರ ಹೆಸರು ಅವತ್ತು ಸಂಜೇನೇ ಬೇರೆ ಹಾಳೇಲಿ ಬರೆದು ಮಾರನೇ ದಿನ ಬೆಳಗ್ಗೆ ಮೊದಲ ಫೋನ್ ಅವ್ರಿಗೇ ಮಾಡಿ.